ಮಬ್ಬು ಹಿಡಿದ ಗಾಜಿನ ಲೋಟ

ಡಿಶ್‌ವಾಷರ್ ಕೊಳ್ಳುವಾಗ ಎಲ್ಲರೂ ಯಂತ್ರದ ಬೆಲೆ ನೋಡುತ್ತಾರೆ. ನಾನೂ ಅಷ್ಟೇ ನೋಡಿದ್ದು. ಅದು ಮನೆಗೆ ಬಂದು ಮೂಲೆಯಲ್ಲಿ ಕೂತ ಮೇಲೆ ದಿನಾ ಅದರ ಬಾಯಿಗೆ ಏನು ಹಾಕಬೇಕು, ಅದಕ್ಕೆಷ್ಟು ಖರ್ಚು ಅನ್ನೋದು ತಲೆಗೇ ಹೋಗಿರಲಿಲ್ಲ. ಮೂರನೇ ಸಲ ಡಿಟರ್ಜೆಂಟ್ ಟ್ಯಾಬ್ಲೆಟ್ ಡಬ್ಬಿ ಖಾಲಿಯಾದಾಗ ಅಮ್ಮ ಅಂದರು, "ಆನೆ ತಂದು ಕಟ್ಟಿದ್ದೀಯ. ಇನ್ನು ಮೇವು ಹಾಕ್ತಾ ಇರು."

ಅಮ್ಮ ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಡಿಟರ್ಜೆಂಟ್ ಒಂದು, ಉಪ್ಪು ಒಂದು, ಕೊನೆಯ ನೀರು ಪಾತ್ರೆಯಿಂದ ಜಾರಿಹೋಗೋಕೆ ರಿನ್ಸ್ ಏಡ್ ಅನ್ನೋ ದ್ರವ ಒಂದು, ಆಗಾಗ ಯಂತ್ರವನ್ನೇ ತೊಳೆಯೋಕೆ ಇನ್ನೊಂದು ಬಾಟಲಿ. ಪಾತ್ರೆ ತೊಳೆಯುವ ಯಂತ್ರಕ್ಕೇ ಸ್ನಾನ ಮಾಡಿಸಬೇಕು ಅಂತ ಕೊಳ್ಳುವಾಗ ಯಾರೂ ಹೇಳಿರಲಿಲ್ಲ. ಇದಕ್ಕಿಂತ ಅಗ್ಗದ್ದು ಏನಿದೆ ಅಂತ ಹುಡುಕೋಕೆ ಶುರು ಮಾಡಿದ್ದು ಆಗ. ಒಂದೂವರೆ ವರ್ಷದಲ್ಲಿ ಹಾಕಬಾರದ್ದನ್ನೆಲ್ಲ ಹಾಕಿ ನೋಡಿದ್ದೇನೆ. ಕೆಲವು ಸಲ ದುಡ್ಡು ಉಳಿಯಿತು. ಕೆಲವು ಸಲ ನೆಲ ಒರೆಸಿದೆ.

ನೆಲ ಒರೆಸಿದ ಕಥೆಯನ್ನು ಬೇಗ ಮುಗಿಸಿಬಿಡುತ್ತೇನೆ. ಸಿಂಕಿನ ಪಕ್ಕ ಇರುತ್ತಲ್ಲ, ಕೈಯಲ್ಲಿ ಪಾತ್ರೆ ತೊಳೆಯುವ ದ್ರವ, ಅದನ್ನೇ ಸ್ವಲ್ಪ ಹಾಕಿದೆ. ಅದೂ ಪಾತ್ರೆ ತೊಳೆಯುತ್ತೆ, ಇದೂ ಪಾತ್ರೆ ತೊಳೆಯುತ್ತೆ, ಏನು ವ್ಯತ್ಯಾಸ ಅಂದುಕೊಂಡೆ. ಹದಿನೈದು ನಿಮಿಷಕ್ಕೆ ಬಾಗಿಲ ಅಡಿಯಿಂದ ನೊರೆ ನಿಧಾನವಾಗಿ ತೆವಳಿಕೊಂಡು ಹೊರಗೆ ಬಂತು. ಕೈಗೆ ಬಳಸುವ ದ್ರವ ಇರೋದೇ ನೊರೆ ಬರಲಿ ಅಂತ. ಡಿಶ್‌ವಾಷರಿಗೆ ನೊರೆಯೇ ಶತ್ರು. ಅದರ ಪಂಪು ತಳ್ಳಬೇಕಾದ್ದು ನೀರನ್ನು. ನೊರೆ ಅಂದರೆ ಮುಕ್ಕಾಲು ಪಾಲು ಗಾಳಿ. ಪಂಪಿಗೆ ಗಾಳಿ ಸಿಕ್ಕಿದರೆ ಒತ್ತಡ ಬೀಳುತ್ತದೆ, ನೀರು ಚಿಮ್ಮಿಸುವ ತೋಳುಗಳು ಸರಿಯಾಗಿ ತಿರುಗುವುದಿಲ್ಲ, ಪಾತ್ರೆ ಕೊಳೆಯಾಗೇ ಉಳಿಯುತ್ತದೆ. ಒಳಗಿನ ನೊರೆ ಬಳಿದು ತೆಗೆದು, ಬರೀ ನೀರಲ್ಲಿ ಮೂರು ಸಲ ಓಡಿಸಿದ ಮೇಲೆ ಯಂತ್ರ ಸರಿಹೋಯಿತು. ಅವತ್ತು ಉಳಿಸಿದ ದುಡ್ಡು ಆ ನೀರಿಗೂ ಕರೆಂಟಿಗೂ ಹೋಯಿತು.

ಆಮೇಲೆ ಸ್ವಲ್ಪ ಬುದ್ಧಿ ಬಂತು. ಬದಲಿ ಹುಡುಕೋಕೆ ಮೊದಲು, ಟ್ಯಾಬ್ಲೆಟ್‌ನಲ್ಲಿ ಇರೋದಾದರೂ ಏನು ಅಂತ ನೋಡೋಣ ಅನಿಸಿತು. ಅಡುಗೆಮನೆಯ ಸಣ್ಣ ತಕ್ಕಡಿಯ ಮೇಲೆ ಒಂದನ್ನು ಇಟ್ಟೆ. 18 ಗ್ರಾಂ. ಚಾಕುವಿನಿಂದ ಎರಡು ಹೋಳು ಮಾಡಿ ಬಿಳಿ ಕಾಗದದ ಮೇಲೆ ಪುಡಿ ಮಾಡಿದೆ. ಬಿಳಿ ಪುಡಿ, ಅದರ ನಡುವೆ ಅಲ್ಲೊಂದು ಇಲ್ಲೊಂದು ನೀಲಿ, ಹಸಿರು ಕಾಳು. ಡಬ್ಬಿಯ ಹಿಂದಿನ ಸಣ್ಣ ಅಕ್ಷರದ ಪಟ್ಟಿಯನ್ನು ಮೊಬೈಲಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿದೆ.

ಪಟ್ಟಿಯಲ್ಲಿ ಮೊದಲನೆಯದು ಸೋಡಿಯಂ ಕಾರ್ಬೊನೇಟ್. ಅಂದರೆ ನಮ್ಮ ವಾಷಿಂಗ್ ಸೋಡಾ. ಇದು ಕ್ಷಾರ, ಜಿಡ್ಡನ್ನು ಸಡಿಲಿಸುತ್ತದೆ. ಬಿಸಿ ನೀರಲ್ಲಿ ಜಿಡ್ಡಿನ ಸ್ವಲ್ಪ ಭಾಗ ಸೋಪೇ ಆಗಿಬಿಡುತ್ತದೆ. ಎರಡನೆಯದು ಸೋಡಿಯಂ ಪರ್‌ಕಾರ್ಬೊನೇಟ್. ನೀರಿಗೆ ಬಿದ್ದ ತಕ್ಷಣ ಇದು ವಾಷಿಂಗ್ ಸೋಡಾ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಆಗಿ ಒಡೆಯುತ್ತದೆ. ಚಹಾ, ಕಾಫಿಯ ಕಂದು ಕಲೆ ಹೋಗೋದು ಇದರಿಂದ. ಆಮೇಲೆ ಸಿಟ್ರೇಟ್, ಇದರ ಕಥೆ ಮುಂದೆ ಬರುತ್ತೆ. ಸ್ವಲ್ಪ ಸಿಲಿಕೇಟ್, ಅದು ಗಾಜನ್ನೂ ಲೋಹವನ್ನೂ ಕ್ಷಾರದಿಂದ ಕಾಪಾಡೋಕೆ. ನೊರೆ ಬಾರದ ಜಾತಿಯ ಸೋಪಿನಂಥ ವಸ್ತು ಒಂದಿಷ್ಟು. ಕೊನೆಗೆ ಎರಡು ಕಿಣ್ವ, ಅಂದರೆ ಎಂಜೈಮ್. ಪ್ರೋಟಿಯೇಸ್ ಅಂಟಿಕೊಂಡ ಪ್ರೋಟೀನನ್ನು ಕತ್ತರಿಸುತ್ತದೆ, ಅಮೈಲೇಸ್ ಒಣಗಿದ ಪಿಷ್ಟವನ್ನು.

ತೊಳೆಯೋಕೆ ಕಿಣ್ವ ಬಳಸುವುದು ಹೊಸ ವಿಷಯವೇನಲ್ಲ. ಒಟ್ಟೋ ರೋಮ್ ಅನ್ನುವ ಜರ್ಮನ್ ರಸಾಯನಶಾಸ್ತ್ರಜ್ಞ 1913ರಲ್ಲೇ ಬಟ್ಟೆ ಒಗೆಯೋಕೆ ಕಿಣ್ವ ಬಳಸುವ ವಿಧಾನಕ್ಕೆ ಪೇಟೆಂಟ್ ತೆಗೆದುಕೊಂಡಿದ್ದರು. ಆಗ ಅದನ್ನು ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದ ತೆಗೆಯುತ್ತಿದ್ದರು. ಹೊಟ್ಟೆಯೊಳಗೆ ಊಟ ಕರಗಿಸುವುದನ್ನೇ ಬಟ್ಟೆಯ ಮೇಲೆ ಪ್ರಯೋಗಿಸಿದ್ದು. ಇದನ್ನು ಅಮ್ಮನಿಗೆ ಹೇಳಿದೆ. "ಇದನ್ನೆಲ್ಲ ನನಗೆ ಹೇಳಬೇಡ" ಅಂದರು.

ಪಟ್ಟಿ ಓದಿದ ಮೇಲೆ ನನಗೆ ಬಂದದ್ದು ಒಂದೇ ಯೋಚನೆ. ಇದರಲ್ಲಿ ಜಾಸ್ತಿ ಪಾಲು ವಾಷಿಂಗ್ ಸೋಡಾ ತಾನೇ, ಅದು ಸಿಕ್ಕಾಪಟ್ಟೆ ಅಗ್ಗ, ಮನೆಯಲ್ಲೇ ಮಿಶ್ರಣ ಮಾಡಿದರಾಯಿತು. ಸ್ವಂತ ಪುಡಿ ಮಾಡುವವರೆಲ್ಲ ಹೇಳುವ ಲೆಕ್ಕ ಹೆಚ್ಚು ಕಡಿಮೆ ಒಂದೇ: ವಾಷಿಂಗ್ ಸೋಡಾ, ಅಡುಗೆ ಸೋಡಾ, ಸಿಟ್ರಿಕ್ ಆಸಿಡ್, ಉಪ್ಪು. ಕೆಲವರು ಬೋರಾಕ್ಸ್, ಅಂದರೆ ಬಿಳಿಗಾರ ಕೂಡ ಸೇರಿಸುತ್ತಾರೆ. ಅದನ್ನು ನಾನು ಮುಟ್ಟಲಿಲ್ಲ. ಸಂತಾನಶಕ್ತಿಗೆ ಹಾನಿ ಮಾಡಬಹುದಾದ ವಸ್ತು ಅಂತ ಯುರೋಪಿನಲ್ಲಿ ಅದನ್ನು ವರ್ಗೀಕರಿಸಿದ್ದಾರೆ. ತಟ್ಟೆ ತೊಳೆಯೋಕೆ ಅಷ್ಟು ಧೈರ್ಯ ಯಾಕೆ?

ದೊಡ್ಡದೊಂದು ಗಾಜಿನ ಜಾಡಿಯಲ್ಲಿ ಎಲ್ಲ ಹಾಕಿ ಕುಲುಕಿ, ಒಂದು ಚಮಚವನ್ನೂ ಒಳಗೇ ಬಿಟ್ಟು, ಮುಚ್ಚಳ ಬಿಗಿದು ಇಟ್ಟೆ. ನಾಲ್ಕನೇ ದಿನ ತೆಗೆದರೆ ಮುಚ್ಚಳ ಟಪ್ ಅಂತ ಸದ್ದು ಮಾಡಿತು. ಒಳಗೆ ಪುಡಿ ಇರಲಿಲ್ಲ, ಕಲ್ಲಿತ್ತು. ಚಮಚ ಅದರ ಮಧ್ಯೆ ನೆಟ್ಟ ಕಂಬದ ಹಾಗೆ ನೇರವಾಗಿ ನಿಂತಿತ್ತು. ಎಳೆದರೆ ಜಾಡಿಯೇ ಮೇಲೆ ಬಂತು. ಸ್ಕ್ರೂಡ್ರೈವರ್ ತಂದು ಕುಟ್ಟಿದ ಮೇಲೆ ಚಮಚ ಬಿಡುಗಡೆಯಾಯಿತು.

ಆಗಿದ್ದು ಇಷ್ಟೇ. ವಾಷಿಂಗ್ ಸೋಡಾ ಕ್ಷಾರ, ಸಿಟ್ರಿಕ್ ಆಸಿಡ್ ಹೆಸರೇ ಹೇಳುವಂತೆ ಆಮ್ಲ. ಗಾಳಿಯ ತೇವ ಸ್ವಲ್ಪ ಸಿಕ್ಕಿದರೂ ಸಾಕು, ಎರಡೂ ಒಂದನ್ನೊಂದು ತಿಂದು ಹಾಕುತ್ತವೆ. ಇಂಗಾಲದ ಡೈಆಕ್ಸೈಡ್ ಹೊರಡುತ್ತದೆ, ನೀರು ಹುಟ್ಟುತ್ತದೆ, ಆ ನೀರಿನಿಂದ ಇನ್ನಷ್ಟು ಪುಡಿ ಒದ್ದೆಯಾಗುತ್ತದೆ. ಲೆಕ್ಕ ಹಾಕಿದರೆ 192 ಗ್ರಾಂ ಸಿಟ್ರಿಕ್ ಆಸಿಡ್ 159 ಗ್ರಾಂ ವಾಷಿಂಗ್ ಸೋಡಾವನ್ನು ಪೂರ್ತಿ ನುಂಗುತ್ತದೆ. ಜಿಡ್ಡು ತೆಗೆಯಲಿ ಅಂತ ದುಡ್ಡು ಕೊಟ್ಟು ತಂದ ಕ್ಷಾರ ಜಾಡಿಯೊಳಗೇ ಸತ್ತುಹೋದ ಹಾಗಾಯಿತು. ಮಜಾ ಏನಂದರೆ, ಉಳಿಯುವ ಸೋಡಿಯಂ ಸಿಟ್ರೇಟ್ ಕೆಲಸಕ್ಕೆ ಬರುವ ವಸ್ತುವೇ. ಆದರೆ ಅದು ಬೇಕು ಅಂತ ತಿಳಿದು ಮಾಡಿದ್ದಲ್ಲವಲ್ಲ.

ಅಡುಗೆ ಸೋಡಾ ಬಗ್ಗೆ ಒಂದು ಮಾತು. ಎಲ್ಲರೂ ಅದನ್ನು ಯಾಕೆ ಇಷ್ಟೊಂದು ಹೊಗಳುತ್ತಾರೋ ಗೊತ್ತಿಲ್ಲ. ಡಿಶ್‌ವಾಷರಿನಲ್ಲಿ ಅದರ ಕೆಲಸ ತೀರಾ ಕಡಿಮೆ. ವಾಷಿಂಗ್ ಸೋಡಾ ಕರಗಿದ ನೀರಿನ ಪಿಎಚ್ ಸುಮಾರು 11, ಅಡುಗೆ ಸೋಡಾದ್ದು 8ರ ಆಸುಪಾಸು; ಈ ಅಂಕಿ ಹೆಚ್ಚಿದಷ್ಟೂ ಕ್ಷಾರ ಜೋರು. ಅಡುಗೆ ಸೋಡಾವನ್ನು ಓವನ್ನಿನಲ್ಲಿ ಹುರಿದರೆ ವಾಷಿಂಗ್ ಸೋಡಾ ಆಗುತ್ತದೆ ಅನ್ನೋದು ನಿಜ. 100 ಗ್ರಾಂ ಇಟ್ಟರೆ ಸುಮಾರು 63 ಗ್ರಾಂ ಸಿಗುತ್ತದೆ. ಒಂದು ಗಂಟೆ ಓವನ್ ಉರಿಸಿ ಅಗ್ಗದ ವಸ್ತುವನ್ನು ತಯಾರಿಸೋದು ಯಾವ ಉಳಿತಾಯ ಅಂತ ಮಾತ್ರ ನನಗೆ ಅರ್ಥವಾಗಿಲ್ಲ.

ಸರಿ, ಆಮ್ಲ ಬೇಡ, ಬರೀ ವಾಷಿಂಗ್ ಸೋಡಾ ಮತ್ತು ಸ್ವಲ್ಪ ಪರ್‌ಕಾರ್ಬೊನೇಟ್ ಹಾಕೋಣ ಅಂದುಕೊಂಡೆ. ಮೊದಲ ವಾರ ಹಿಗ್ಗಿಹೋದೆ. ತಟ್ಟೆಗಳು ಚೆನ್ನಾಗೇ ಬಂದವು. ಎರಡನೇ ವಾರದ ಕೊನೆಗೆ ಗಾಜಿನ ಲೋಟ ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಬಿಳಿ ಪೊರೆ. ಉಗುರಿನಿಂದ ಗೀಚಿದರೆ ಗೆರೆ ಮೂಡಿತು. ಉಗುರಿನ ತುದಿಯಲ್ಲಿ ಸುಣ್ಣದಂಥ ಪುಡಿ.

ಅದು ಸುಣ್ಣದ ಬಳಗವೇ. ಗಡಸು ನೀರಲ್ಲಿ ಕ್ಯಾಲ್ಸಿಯಂ ಕರಗಿರುತ್ತದೆ. ವಾಷಿಂಗ್ ಸೋಡಾ ಅದರ ಜೊತೆ ಸೇರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ, ಅಂದರೆ ಸೀಮೆಸುಣ್ಣದ ಪುಡಿ. ಬಟ್ಟೆ ಒಗೆಯುವಾಗ ಅದು ನೀರಿನ ಜೊತೆ ಒಂದಿಷ್ಟು ಹೋಗುತ್ತದೆ, ಬಟ್ಟೆಯಲ್ಲಿ ಕೂತದ್ದು ಕಣ್ಣಿಗೆ ಕಾಣುವುದಿಲ್ಲ. ಗಾಜಿನ ಮೇಲೆ ಕೂತರೆ ಮುಚ್ಚಿಡೋಕೆ ಆಗುತ್ತಾ? ವಾಷಿಂಗ್ ಸೋಡಾ ಕ್ಯಾಲ್ಸಿಯಂ ಅನ್ನು ನೀರಿನಿಂದ ಉದುರಿಸುತ್ತದೆ. ಸಿಟ್ರೇಟ್ ಅದನ್ನು ನೀರಲ್ಲೇ ಹಿಡಿದಿಟ್ಟುಕೊಂಡು ಚರಂಡಿಗೆ ಕರೆದೊಯ್ಯುತ್ತದೆ. ಟ್ಯಾಬ್ಲೆಟ್ ಪಟ್ಟಿಯಲ್ಲಿ ನಾನು ಕಣ್ಣು ಹಾರಿಸಿ ಮುಂದೆ ಹೋದ ಹೆಸರೇ ಅಲ್ಲಿ ನಿಜವಾದ ಕೆಲಸ ಮಾಡುತ್ತಿತ್ತು.

ಮೊದಲು ಈ ಕೆಲಸ ಫಾಸ್ಫೇಟ್‌ನದು. ಬಹಳ ಚೆನ್ನಾಗಿ ಮಾಡುತ್ತಿತ್ತು. ಆದರೆ ಅದು ಕೆರೆ, ನದಿ ಸೇರಿದರೆ ಪಾಚಿಗೆ ಗೊಬ್ಬರ. ಪಾಚಿ ಬೆಳೆದು, ಸತ್ತು, ಕೊಳೆತು ನೀರಿನ ಆಮ್ಲಜನಕ ಖಾಲಿಯಾಗುತ್ತದೆ, ಮೀನು ಸಾಯುತ್ತವೆ. ಅಮೆರಿಕದ ಹಲವು ರಾಜ್ಯಗಳು 2010ರಲ್ಲಿ ಡಿಶ್‌ವಾಷರ್ ಡಿಟರ್ಜೆಂಟ್‌ನ ಫಾಸ್ಫೇಟ್‌ಗೆ ಕಡಿವಾಣ ಹಾಕಿದವು. ಯುರೋಪ್ ಒಕ್ಕೂಟದಲ್ಲಿ 2017ರ ಜನವರಿ 1ರಿಂದ ಒಂದು ಸಲ ಹಾಕುವ ಡಿಟರ್ಜೆಂಟ್‌ನಲ್ಲಿ 0.3 ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಫಾಸ್ಫರಸ್ ಇರುವ ಹಾಗಿಲ್ಲ. ಹಳೇ ಪುಡಿಯೇ ಚೆನ್ನಾಗಿತ್ತು ಅಂತ ಯಾರಾದರೂ ಹಿರಿಯರು ಹೇಳಿದರೆ ಅದು ಬರೀ ಹಳೆಯ ಕಾಲದ ಮೋಹವಲ್ಲ. ಫಾಸ್ಫೇಟ್ ಇದ್ದ ಪುಡಿ ನಿಜವಾಗಿಯೂ ಚೆನ್ನಾಗೇ ತೊಳೆಯುತ್ತಿತ್ತು.

ಪೊರೆ ನೋಡಿದ ಮೇಲೆ ನಾನು ಮಾಡಿದ ತಪ್ಪು ಮೊದಲಿನ ಎಲ್ಲ ತಪ್ಪಿಗಿಂತ ದೊಡ್ಡದು. ನೀರು ಗಡಸು, ಅದಕ್ಕೇ ಹೀಗಾಯಿತು ಅಂದುಕೊಂಡು ಯಂತ್ರದ ಮೆದುಗೊಳಿಸುವ ಸೆಟ್ಟಿಂಗನ್ನು ಕೊನೆಯ ಅಂಕಿಗೆ ತಿರುಗಿಸಿದೆ. ಜೊತೆಗೆ ವಾಷಿಂಗ್ ಸೋಡಾ ಇನ್ನೊಂದು ಚಮಚ ಹೆಚ್ಚಿಸಿದೆ. ಪೊರೆ ಹೋಯಿತು. ಲೋಟಗಳು ಹೊಳೆದವು. ಕೆಲವು ತಿಂಗಳು ಕಳೆದ ಮೇಲೆ ಅವುಗಳ ಮೇಲೆ ಬೆಳಕು ಬಿದ್ದಾಗ ಎಣ್ಣೆ ಚೆಲ್ಲಿದ ನೀರಿನ ಹಾಗೆ ಕಾಮನಬಿಲ್ಲಿನ ಬಣ್ಣ ಕಾಣತೊಡಗಿತು. ಚೆನ್ನಾಗೇ ಇದೆಯಲ್ಲ ಅಂದುಕೊಂಡೆ. ಆಮೇಲೆ ಬಣ್ಣ ಹೋಗಿ ಮಬ್ಬು ಬಂತು.

ಈ ಸಲ ಎರಡು ಲೋಟ ಪಕ್ಕಪಕ್ಕ ಇಟ್ಟು ಪರೀಕ್ಷೆ ಮಾಡಿದೆ. ಒಂದು ಹಳೇ ಪೊರೆಯದು, ಬಳಸದೆ ಪಕ್ಕಕ್ಕೆ ಇಟ್ಟಿದ್ದೆ. ಇನ್ನೊಂದು ಹೊಸ ಮಬ್ಬಿನದು. ಹತ್ತಿಯನ್ನು ವಿನಿಗರ್‌ನಲ್ಲಿ ಅದ್ದಿ ಎರಡರ ಅರ್ಧ ಭಾಗಕ್ಕೆ ಮಾತ್ರ ಹಚ್ಚಿ, ಐದು ನಿಮಿಷ ಬಿಟ್ಟು ತೊಳೆದೆ. ಮೊದಲನೆಯದು ಅರ್ಧ ಸ್ಫಟಿಕದ ಹಾಗೆ, ಅರ್ಧ ಬಿಳಿ, ನಡುವೆ ಗೆರೆ ಎಳೆದಂತೆ. ಎರಡನೆಯದರಲ್ಲಿ ಏನೂ ಬದಲಾಗಲಿಲ್ಲ. ಬೆರಳಿನಿಂದ ಸವರಿದರೆ ಎಲ್ಲೋ ಸ್ವಲ್ಪ ಒರಟು.

ನೋಡೋಕೆ ಎರಡೂ ಒಂದೇ ತರಹದ ಮಬ್ಬು, ಕಾರಣ ಪೂರ್ತಿ ಉಲ್ಟಾ. ಮೊದಲನೆಯದರ ಮೇಲೆ ಸುಣ್ಣ ಕೂತಿದೆ, ಆಮ್ಲ ಸೋಕಿದರೆ ಹೋಗುತ್ತದೆ. ಎರಡನೆಯದರಲ್ಲಿ ಗಾಜೇ ಸವೆದಿದೆ. ತೀರಾ ಮೆದು ನೀರು, ಬಿಸಿ, ಜಾಸ್ತಿ ಕ್ಷಾರ, ಕಾಪಾಡೋಕೆ ಸಿಲಿಕೇಟ್ ಇಲ್ಲ. ಇವೆಲ್ಲ ಸೇರಿದರೆ ಗಾಜಿನ ಮೇಲ್ಮೈ ಸ್ವಲ್ಪ ಸ್ವಲ್ಪವೇ ಕರಗಿಹೋಗುತ್ತದೆ. ಏನು ಹಾಕಿ ಉಜ್ಜಿದರೂ ಅದು ಮೊದಲಿನಂತಾಗುವುದಿಲ್ಲ. ಆರು ಲೋಟ ಹೋದವು. ಅಲ್ಯುಮಿನಿಯಂ ಪಾತ್ರೆಯೊಂದು ಮಳೆಮೋಡದ ಬಣ್ಣಕ್ಕೆ ತಿರುಗಿತು. ಕ್ಷಾರಕ್ಕೂ ಅಲ್ಯುಮಿನಿಯಂಗೂ ಆಗಿಬರುವುದಿಲ್ಲ, ಅದನ್ನು ಯಂತ್ರದೊಳಗೆ ಹಾಕಿದ್ದೇ ನನ್ನ ತಪ್ಪು.

ಅವತ್ತಿನಿಂದ ಬದಲಿ ಪುಡಿ ಹುಡುಕೋದನ್ನು ಬಿಟ್ಟೆ. ಉಳಿತಾಯ ಇರೋದು ಪುಡಿಯ ಬದಲಿಯಲ್ಲಲ್ಲ, ಪುಡಿಯ ಅಳತೆಯಲ್ಲಿ ಅಂತ ಆಗ ಅನ್ನಿಸಿತು. ಟ್ಯಾಬ್ಲೆಟ್ ಬಿಟ್ಟು ಸಾದಾ ಡಿಶ್‌ವಾಷರ್ ಪುಡಿಗೆ ಬಂದೆ. ಮೆರುಗಿನ ಡಬ್ಬಿ ಇಲ್ಲ, ಕರಗುವ ಪ್ಲಾಸ್ಟಿಕ್ ಹಾಳೆ ಇಲ್ಲ, ಮೂರು ಬಣ್ಣ ಇಲ್ಲ. ಕಿಣ್ವವೂ ಪರ್‌ಕಾರ್ಬೊನೇಟೂ ಇವೆಯಾ ಅಂತ ಮಾತ್ರ ಪಟ್ಟಿ ನೋಡಿ ತಂದೆ. ಟ್ಯಾಬ್ಲೆಟನ್ನು ದಿನಾ ಬೇಕಾದಷ್ಟೇ ಮುರಿದು ಹಾಕೋಕೆ ಆಗಲ್ಲ, ಬುಟ್ಟಿ ಅರ್ಧ ತುಂಬಿದ್ದರೂ ಇಡೀ 18 ಗ್ರಾಂ ಹೋಗುತ್ತದೆ. ಪುಡಿಯಾದರೆ ಅಳೆದು ಹಾಕಬಹುದು. ದಿನಕ್ಕೊಂದು ಗ್ರಾಂ ಕಡಿಮೆ ಮಾಡುತ್ತಾ ಬಂದೆ. ನನ್ನ ಪಾತ್ರೆಗೆ, ನನ್ನ ನೀರಿಗೆ 11 ಗ್ರಾಂ ಸಾಕು. 9ಕ್ಕೆ ಇಳಿಸಿದಾಗ ಚಮಚಗಳ ಹಿಂದೆ ಜಿಡ್ಡು ಉಳಿಯಿತು, ಮತ್ತೆ 11ಕ್ಕೇ ಬಂದೆ.

ಪುಡಿಯಲ್ಲಿ ಇನ್ನೊಂದು ಅನುಕೂಲ ಇದೆ. ಎಷ್ಟೋ ಯಂತ್ರಗಳಲ್ಲಿ ಮೊದಲು ಕೊಳೆ ತೆಗೆಯುವ ಒಂದು ಸಣ್ಣ ಸುತ್ತು ಇರುತ್ತದೆ. ಆಗ ಡಿಟರ್ಜೆಂಟ್ ಡಬ್ಬಿಯ ಬಾಗಿಲು ಮುಚ್ಚೇ ಇರುತ್ತದೆ, ಟ್ಯಾಬ್ಲೆಟ್ ಒಳಗೆ ಸುಮ್ನೆ ಕೂತಿರುತ್ತದೆ. ಪುಡಿಯಾದರೆ ಒಂದು ಚಿಟಿಕೆಯನ್ನು ಬಾಗಿಲ ಒಳಮೈ ಮೇಲೆ ಉದುರಿಸಿದರೆ ಮೊದಲ ನೀರಿಗೇ ಕೆಲಸ ಶುರು. ನನ್ನ 11 ಗ್ರಾಂನಲ್ಲಿ 2 ಗ್ರಾಂ ಅಲ್ಲಿಗೇ ಹೋಗುತ್ತದೆ. ಜೆಲ್ ರೂಪದ್ದನ್ನೂ ಒಂದು ಸಲ ತಂದಿದ್ದೆ. ಕಪ್ಪಿನ ಚಹಾ ಕಲೆ ಹಾಗೇ ಉಳಿಯಿತು. ಪರ್‌ಕಾರ್ಬೊನೇಟ್ ನೀರಿನಂಶದಲ್ಲಿ ಉಳಿಯುವುದಿಲ್ಲ, ಹಾಗಾಗಿ ಜೆಲ್‌ನಲ್ಲಿ ಕಲೆ ತೆಗೆಯುವ ಶಕ್ತಿ ಕಡಿಮೆ. ಅದೇ ಕಾರಣಕ್ಕೆ ಪುಡಿಯನ್ನೂ ತೇವ ತಾಗದ ಡಬ್ಬಿಯಲ್ಲಿ ಇಡಬೇಕು. ಸಿಂಕಿನ ಕೆಳಗೆ ಇಡಬೇಡಿ.

ಅಳತೆ ಇಳಿಸೋಕೆ ಧೈರ್ಯ ಕೊಟ್ಟದ್ದು ಹೆರ್ಬರ್ಟ್ ಸಿನ್ನರ್ ಅನ್ನುವ ಜರ್ಮನಿಯ ಡಿಟರ್ಜೆಂಟ್ ತಜ್ಞರ ಒಂದು ವೃತ್ತ. 1959ರ ಸುಮಾರಿಗೆ ಅವರು ತೊಳೆಯುವ ಕೆಲಸವನ್ನು ನಾಲ್ಕು ಪಾಲು ಮಾಡಿದರು: ರಾಸಾಯನಿಕ, ಬಿಸಿ, ಉಜ್ಜುವ ಬಲ, ಸಮಯ. ಒಂದನ್ನು ಕಡಿಮೆ ಮಾಡಿದರೆ ಉಳಿದವು ಅದನ್ನು ತುಂಬಿಕೊಡಬೇಕು. ಯಂತ್ರದ ಉಳಿತಾಯದ ಪ್ರೋಗ್ರಾಂ ಮೂರು ಗಂಟೆ ಯಾಕೆ ಓಡುತ್ತೆ ಅಂತ ಬೈಕೊಳ್ಳುತ್ತಿದ್ದೆ. ಬಿಸಿ ಕಡಿಮೆ, ಅದಕ್ಕೇ ಸಮಯ ಜಾಸ್ತಿ. ಕಿಣ್ವಕ್ಕೂ ಅಷ್ಟು ಹೊತ್ತು ಬೇಕು. ಇನ್ನು ಉಜ್ಜುವ ಬಲ ಅಂದರೆ ಇಲ್ಲಿ ನೀರಿನ ರಭಸ. ಅಮೆರಿಕದ ಜೋಸೆಫೀನ್ ಕೋಕ್ರೇನ್ 1886ರ ಡಿಸೆಂಬರ್ 28ರಂದು ಪೇಟೆಂಟ್ ಪಡೆದ ಯಂತ್ರದಲ್ಲೂ ತಂತಿಯ ಬುಟ್ಟಿಯಲ್ಲಿ ಪಾತ್ರೆ ಜೋಡಿಸಿ ನೀರಿನ ಒತ್ತಡದಿಂದಲೇ ತೊಳೆಯುತ್ತಿದ್ದರು. ಈಗಲೂ ಮೂಲದಲ್ಲಿ ಅದೇ. ನನ್ನ ಯಂತ್ರದ ತೋಳು ಬಿಚ್ಚಿ ನೋಡಿದರೆ ಮೂರು ತೂತು ಕಟ್ಟಿಕೊಂಡಿದ್ದವು. ಕಡ್ಡಿಯಿಂದ ಚುಚ್ಚಿ ತೆಗೆದೆ. ತಳದ ಜಾಲರಿಯನ್ನು ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿದೆ. ಖರ್ಚು ಏನೂ ಇಲ್ಲ. ಪುಡಿ ಎರಡು ಗ್ರಾಂ ಇಳಿದದ್ದು ಅದರಿಂದಲೇ.

ಪಾತ್ರೆಗಳನ್ನು ಮೊದಲೇ ನಲ್ಲಿಯಲ್ಲಿ ತೊಳೆದು ಇಡುವ ಅಭ್ಯಾಸವನ್ನೂ ಬಿಟ್ಟೆ. ಅಮ್ಮ ಇನ್ನೂ ಬಿಟ್ಟಿಲ್ಲ. ಉಳಿದದ್ದನ್ನು ಕೆರೆದು ಹಾಕಿದರೆ ಸಾಕು, ಕಿಣ್ವಕ್ಕೂ ತಿನ್ನೋಕೆ ಏನಾದರೂ ಬೇಕಲ್ವಾ.

ಉಪ್ಪಿನಲ್ಲಿ ನಿಜವಾಗಿಯೂ ದುಡ್ಡು ಉಳಿಯಿತು. ಡಿಶ್‌ವಾಷರ್ ಉಪ್ಪು ಅಂತ ಚಿತ್ರ ಹಾಕಿ ಮಾರುವುದೂ ಸೋಡಿಯಂ ಕ್ಲೋರೈಡೇ. ಅದು ಪಾತ್ರೆಗೆ ತಾಗುವುದೂ ಇಲ್ಲ. ಯಂತ್ರದ ತಳದಲ್ಲಿರುವ ರಾಳದ ಮಣಿಗಳು ನೀರಿನ ಕ್ಯಾಲ್ಸಿಯಂ ಹಿಡಿದು ಸುಸ್ತಾದಾಗ, ಉಪ್ಪುನೀರು ಅವನ್ನು ತೊಳೆದು ಮತ್ತೆ ಸಿದ್ಧಮಾಡುತ್ತದೆ. ಮನೆಯ ನೀರು ಮೆದು ಮಾಡುವ ಸಾಧನಕ್ಕೆ ದೊಡ್ಡ ಚೀಲದಲ್ಲಿ ಬರುವ ಶುದ್ಧ ಹರಳುಪ್ಪು ಇದೇ ಕೆಲಸ ಮಾಡುತ್ತದೆ, ಹರಳು ಯಂತ್ರದ ಉಪ್ಪಿನ ಡಬ್ಬಿಗೆ ಹಿಡಿಸುವಷ್ಟು ಸಣ್ಣದಿರಬೇಕು ಅಷ್ಟೇ. ಅಡುಗೆಯ ನುಣ್ಣನೆ ಉಪ್ಪು ಮಾತ್ರ ಬೇಡ. ಅದು ಗಟ್ಟಿಯಾಗಿ ಕೂರುತ್ತದೆ, ಉದುರುದುರಾಗಿರಲಿ ಅಂತ ಬೇರೆ ಏನೇನೋ ಸೇರಿಸಿರುತ್ತಾರೆ. ಸಮುದ್ರದ ಉಪ್ಪಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುತ್ತವೆ. ಯಾವುದನ್ನು ತೆಗೆಯಬೇಕೋ ಅದನ್ನೇ ತುಂಬಿದ ಹಾಗಾಗುತ್ತದೆ.

ರಿನ್ಸ್ ಏಡ್ ಬದಲು ವಿನಿಗರ್ ಹಾಕುವವರಿದ್ದಾರೆ. ನಾನು ಹಾಕಿ, ಬಿಟ್ಟೆ. ರಿನ್ಸ್ ಏಡ್ ನೀರಿನ ಹನಿಯನ್ನು ಚಪ್ಪಟೆ ಹಾಳೆಯಾಗಿಸಿ ಜಾರಿಸುತ್ತದೆ. ವಿನಿಗರ್‌ಗೆ ಅದು ಬರುವುದಿಲ್ಲ, ದಿನಾ ತಾಗಿದರೆ ರಬ್ಬರ್ ಸೀಲ್ ಕೂಡ ಹಾಳಾಗಬಹುದು. ಅದರ ಬದಲು ರಿನ್ಸ್ ಏಡ್ ಸೆಟ್ಟಿಂಗನ್ನು 4ರಿಂದ 2ಕ್ಕೆ ಇಳಿಸಿದೆ. ಯಾರಿಗೂ ಗೊತ್ತಾಗಲಿಲ್ಲ. ಯಂತ್ರ ತೊಳೆಯುವ ಬಾಟಲಿಯ ಜಾಗಕ್ಕೆ ಸಿಟ್ರಿಕ್ ಆಸಿಡ್ ಬಂತು. ಎರಡು ಮೂರು ತಿಂಗಳಿಗೊಮ್ಮೆ ಖಾಲಿ ಯಂತ್ರಕ್ಕೆ ನಾಲ್ಕು ಚಮಚ, ಬೇರೆ ಏನನ್ನೂ ಸೇರಿಸದೆ. ಕ್ಲೋರಿನ್ ಬ್ಲೀಚ್ ಜೊತೆಗಂತೂ ಯಾವತ್ತೂ ಬೇಡ, ಆಮ್ಲ ಸೇರಿದರೆ ವಿಷದ ಗಾಳಿ ಬರುತ್ತದೆ.

ಇಷ್ಟಕ್ಕೂ ಮೊದಲು ಮಾಡಬೇಕಿದ್ದ ಕೆಲಸವನ್ನು ನಾನು ಕೊನೆಗೆ ಮಾಡಿದ್ದು: ನೀರಿನ ಗಡಸು ಅಳೆಯೋದು. ಕಾಗದದ ಪಟ್ಟಿಯನ್ನು ನೀರಲ್ಲಿ ಅದ್ದಿದರೆ ಬಣ್ಣ ತಿರುಗುತ್ತದೆ, ಒಂದು ನಿಮಿಷದ ಕೆಲಸ. ಟಿಡಿಎಸ್ ಮೀಟರ್ ನಂಬಬೇಡಿ, ಅದು ನೀರಲ್ಲಿ ಕರಗಿದ್ದನ್ನೆಲ್ಲ ಒಟ್ಟು ಲೆಕ್ಕ ಹಾಕುತ್ತದೆ, ಗಡಸು ಎಷ್ಟು ಅಂತ ಬೇರೆಯಾಗಿ ಹೇಳುವುದಿಲ್ಲ. ನಮ್ಮ ನೀರು ಮಧ್ಯಮ ಗಡಸು ಅಂತ ಗೊತ್ತಾಯಿತು. ಕೈಪಿಡಿಯ ಪ್ರಕಾರ ಸೆಟ್ಟಿಂಗ್ 3 ಇರಬೇಕಿತ್ತು. ನಾನು ತಿಂಗಳುಗಟ್ಟಲೆ ಕೊನೆಯ ಅಂಕಿಯಲ್ಲಿಟ್ಟು ಉಪ್ಪನ್ನೂ ಲೋಟಗಳನ್ನೂ ಕಳೆದಿದ್ದೆ.

ಮೊನ್ನೆ ಅಕ್ಕ ಫೋನ್ ಮಾಡಿದ್ದಳು. ಅವಳೂ ಯಂತ್ರ ತಂದಿದ್ದಾಳೆ.

"ಲೋ, ನೀನು ಅದೇನೋ ಮನೇಲೇ ಪುಡಿ ಮಾಡಿದ್ಯಲ್ಲ, ಹೇಗೆ ಮಾಡೋದು ಹೇಳು."

"ಮೊದಲು ನಿಮ್ಮನೆ ನೀರು ಎಷ್ಟು ಗಡಸು ಹೇಳಕ್ಕ."

"ನಿನ್ನ ಕೇಳಿದ್ದೇ ತಪ್ಪಾಯ್ತು ಕಣೋ" ಅಂತ ಇಟ್ಟುಬಿಟ್ಟಳು.

ನಾಲ್ಕು ದಿನ ಬಿಟ್ಟು ಮೊಬೈಲಿಗೆ ಒಂದು ಫೋಟೋ ಬಂತು. ಸಿಂಕಿನ ಅಂಚಿನ ಮೇಲೆ ಒದ್ದೆ ಕಾಗದದ ಪಟ್ಟಿ, ನಾಲ್ಕರಲ್ಲಿ ಮೂರು ಚೌಕಕ್ಕೆ ಬಣ್ಣ ತಿರುಗಿತ್ತು. ಕೆಳಗೆ ಬರೆದಿದ್ದಳು: "ಈಗ ಹೇಳು."